ಅಥೆನ್ಸಿನ ಕನ್ಯಾಸ್ತಂಭಗಳನ್ನು ಚಿತ್ರದಿಂದ ಅಭ್ಯಾಸ ಮಾಡುವ ಬಗೆ

ಕಲಬುರಗಿಯಲ್ಲಿ ಚಿತ್ರಕಲೆ, ಶಿಲ್ಪಕಲೆ ಕಲಿಯುವ ಹೆಚ್ಚಿನವರಿಗೆ ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಮೇಲಿನ ಎರೆಕ್ಥಿಯೋನ್ ದೇವಾಲಯ ಛಾಯಾಚಿತ್ರಗಳಲ್ಲಷ್ಟೇ ದೊರೆಯುತ್ತದೆ. ಕ್ರಿ.ಪೂ. 421ರಿಂದ 406ರ ನಡುವೆ ಕಟ್ಟಿದ ಆ ಗುಡಿಯ ದಕ್ಷಿಣ ಮಂಟಪದಲ್ಲಿ, ಕಂಬಗಳ ಸ್ಥಾನದಲ್ಲಿ ನಿಂತು ಚಾವಣಿ ಹೊತ್ತಿರುವ ಆರು ಅಮೃತಶಿಲೆಯ ಕನ್ಯೆಯರನ್ನು ಬರೆಯಲು ಹೊರಟವರು ಮುಖದಿಂದ ಆರಂಭಿಸಬಾರದು. ಮೇಲಿನ ಭಾರ ಯಾವ ದಾರಿಯಲ್ಲಿ ನೆಲಕ್ಕಿಳಿಯುತ್ತದೆ ಎಂಬುದನ್ನು ಮೊದಲು ಗುರುತಿಸಬೇಕು.

ಅದಕ್ಕೂ ಮುನ್ನ ಬೀದರ್ ಜಿಲ್ಲೆಯ ಹುಮನಾಬಾದ್ ಬಳಿಯ ಜಲಸಂಗ್ವಿಗೆ ಹೋಗಿ ಬನ್ನಿ. ಅಲ್ಲಿಯ ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯದ ಹೊರಗೋಡೆಯಲ್ಲಿ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತಿರುವ ಮದನಿಕೆಯಿದ್ದಾಳೆ. ಭಾರವನ್ನು ಗೋಡೆ ಹೊತ್ತಿರುವುದರಿಂದಲೇ ಇಲ್ಲಿಯ ಮದನಿಕೆಯರ ಕೊರಳು, ನಡು, ಮಂಡಿಗಳು ಇಷ್ಟು ಸ್ವಚ್ಛಂದವಾಗಿ ಬಾಗಬಲ್ಲವು. ಒಬ್ಬಳನ್ನು ಬರೆದುಕೊಂಡು, ಕೊರಳ ಗುಳಿಯಿಂದ ಕೆಳಕ್ಕೆ ನೇರ ಗೆರೆಯೊಂದನ್ನು ಎಳೆಯಿರಿ.

ಈಗ ಗ್ರೀಕ್ ಮಂಟಪವನ್ನು ಎದುರಿನಿಂದ ತೆಗೆದ ಚಿತ್ರದ ಮೇಲೆ ಅಂಥದೇ ಗೆರೆಗಳನ್ನು ಎಳೆಯಿರಿ. ನಮ್ಮ ಎಡಕ್ಕಿರುವ ಮೂವರು ಬಲಗಾಲ ಮೇಲೆಯೂ ಬಲಕ್ಕಿರುವ ಮೂವರು ಎಡಗಾಲ ಮೇಲೆಯೂ ಭಾರ ಬಿಟ್ಟು ನಿಂತಿದ್ದಾರೆ. ಎಂದರೆ ಹೊರಗಿನ ಕಾಲು ಕಂಬದಂತೆ ನೆಟ್ಟಗಿದ್ದು, ಒಳಗಿನ ಮಂಡಿ ಮಾತ್ರ ಮುಂದಕ್ಕೆ ಬಾಗಿದೆ. ನೆಟ್ಟಗಿರುವ ಕಾಲಿನ ಮೇಲೆ ಉಡುಪಿನ ನೆರಿಗೆಗಳು ಕಂಬದ ಉದ್ದಗೀರುಗಳ ಹಾಗೆ ಆಳವಾಗಿ, ನೇರವಾಗಿ ಬೀಳುತ್ತವೆ. ಆದ್ದರಿಂದ ಆ ನೆರಿಗೆಗಳನ್ನು ಮೊದಲು, ದಪ್ಪ ಗೆರೆಯಲ್ಲಿ ಬರೆಯಿರಿ. ಬಾಗಿದ ಮಂಡಿಗೆ ಅಂಟಿದ ತೆಳುಬಟ್ಟೆಯನ್ನು ಆಮೇಲೆ ಬರೆದರಾಯಿತು.

ಇಡೀ ರಚನೆಯಲ್ಲಿ ಅತ್ಯಂತ ದುರ್ಬಲವಾದ ಜಾಗ ಕೊರಳು. ಶಿಲ್ಪಿಯ ಜಾಣ್ಮೆಯನ್ನು ನಾನು ಬಹುವಾಗಿ ಮೆಚ್ಚುವುದು ಇಲ್ಲಿಯೇ: ಬೆನ್ನ ಮೇಲೆ ಇಳಿಬಿಟ್ಟ ದಪ್ಪ ಜಡೆಗಳು ಅಲಂಕಾರವೂ ಹೌದು, ಕೊರಳಿಗೆ ಊರೆಗೋಲೂ ಹೌದು. ಹಿಂಬದಿಯ ಈ ಚಿತ್ರಕ್ಕಾಗಿ ಅಕ್ರೊಪೊಲಿಸ್ ವಸ್ತುಸಂಗ್ರಹಾಲಯದ ಛಾಯಾಚಿತ್ರಗಳನ್ನೇ ಹುಡುಕಿ. ಮೂಲ ಶಿಲ್ಪಗಳಲ್ಲಿ ಐದು ಅಲ್ಲಿವೆ, ಲಾರ್ಡ್ ಎಲ್ಗಿನ್ ಸಾಗಿಸಿದ ಒಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ, ಗುಡಿಯಲ್ಲಿ ಇಂದು ನಿಂತಿರುವುದು ಪ್ರತಿಕೃತಿಗಳು. ತಲೆಯ ಮೇಲಿನ ದುಂಡನೆಯ ದಿಂಬನ್ನು ಬರೆಯುವಾಗ ನಮ್ಮ ಹಳ್ಳಿಯ ಹೆಂಗಸರು ಕೊಡದ ಕೆಳಗಿಡುವ ಸಿಂಬಿಯನ್ನು ನೆನೆದರೆ ಅದರ ಕೆಲಸ ತಾನಾಗಿ ತಿಳಿಯುತ್ತದೆ. ಅದರ ಮೇಲಿನ ತೊಲೆಗೂ ಸೂರಿಗೂ ನಡುವೆ ಶಿಲ್ಪಪಟ್ಟಿಕೆಯನ್ನು ಸೇರಿಸಬೇಡಿ. ಈ ಮಂಟಪದಲ್ಲಿ ಅದಿಲ್ಲ, ಮೇಲ್ಭಾಗ ಅಷ್ಟರಮಟ್ಟಿಗೆ ಹಗುರವಾಗಿದೆ. ಮುರಿದುಹೋದ ಕೈಗಳನ್ನು ಊಹಿಸಿಯೂ ತುಂಬಬೇಡಿ. ಇಟಲಿಯ ತಿವೋಲಿಯಲ್ಲಿ ಸಿಕ್ಕ, ಈ ಕನ್ಯೆಯರ ರೋಮನ್ ಪ್ರತಿಗಳಲ್ಲಿ ಒಂದು ಕೈ ಅರ್ಪಣೆಯ ಬಟ್ಟಲನ್ನು ಹಿಡಿದಿರುವುದನ್ನು ನೋಡಿ ಬರೆಯಬಹುದು.

ಕೊನೆಗೆ ಜಲಸಂಗ್ವಿಯ ನಿಮ್ಮ ಚಿತ್ರವನ್ನು ಪಕ್ಕದಲ್ಲಿಟ್ಟು, ಮದನಿಕೆಯ ತಲೆಯ ಮೇಲೂ ಅದೇ ತೊಲೆಯನ್ನು ಬರೆದು, ಭಾರ ಹೊರಲಾರದೆ ಕಲ್ಲು ಮೊದಲು ಎಲ್ಲಿ ಬಿರಿಯಬಹುದೆಂದು ಕೆಂಪು ಪೆನ್ಸಿಲ್ಲಿನಿಂದ ಗುರುತಿಸಿ.