ಖಾರದ ಗಿರಣಿಯಲ್ಲಿ ಘಾಟು ಹಿಡಿದ ಬಗೆ: ನನ್ನ ಅನುಭವ

ಖಾರದ ಗಿರಣಿ ಅಂದಮೇಲೆ ಘಾಟು ಇದ್ದದ್ದೇ, ಕೆಮ್ಮು ಬಂದದ್ದೇ ಅನ್ನುವವರಿಗೆ ಈ ಬರಹ. 10 ಎಚ್‌ಪಿ ಪಲ್ವರೈಜರ್ (ಕುಟ್ಟುವ ಯಂತ್ರ), ಮೇಲೊಂದು ಸೈಕ್ಲೋನ್ (ಗಾಳಿಯನ್ನು ಗಿರ್ರನೆ ಸುತ್ತಿಸಿ ಪುಡಿಯನ್ನು ಬೇರೆ ಮಾಡುವ ತಗಡಿನ ಶಂಕು), ಅದರ ತಲೆಗೆ ಬಟ್ಟೆ ಚೀಲ, ಪಕ್ಕದಲ್ಲಿ ಜರಡಿ. ಎಲ್ಲರ ಹತ್ತಿರ ಇರುವಂಥದ್ದೇ ಗಿರಣಿ ನಮ್ಮದು. ಪುಡಿಯನ್ನು ಎದ್ದಲ್ಲೇ ಎಳೆದು ಚೀಲಗಳಲ್ಲಿ ಹಿಡಿಯುವ ವ್ಯವಸ್ಥೆ ಮಾಡಿಕೊಂಡ ಮೇಲೆ, ಈಗ ಅದರಲ್ಲಿ ಗುಂಟೂರು ತೇಜಾದಂಥ ಜೋರು ಖಾರದ ತಳಿ ಬಿದ್ದಾಗಲೂ ಮೆಣಸಿನಕಾಯಿ ಸುರಿಯುವವರು ಮಾತಾಡುತ್ತಾ ನಿಲ್ಲುತ್ತಾರೆ, ಗಿರಾಕಿ ಒಳಗೇ ಬಂದು ತೂಕ ನೋಡುತ್ತಾನೆ. ‘ಇದೆಲ್ಲ ಆಗಲ್ಲ ಸರ್, ದುಡ್ಡು ದಂಡ’ ಅಂದಿದ್ದ ಫ್ಯಾಬ್ರಿಕೇಟರ್ ಈಗ ತನ್ನ ಬೇರೆ ಗಿರಾಕಿಗಳನ್ನು ಇಲ್ಲಿಗೇ ಕರೆತಂದು ತೋರಿಸುತ್ತಾನೆ.

ಮೊದಲು ಕೆಲಸಕ್ಕೆ ಬಾರದ್ದನ್ನು ಹೇಳಿಬಿಡುತ್ತೇನೆ. ಗೋಡೆಗೆ 18 ಇಂಚಿನ ಎಕ್ಸಾಸ್ಟ್ ಫ್ಯಾನ್ ಹಾಕುವುದು ನಮ್ಮಲ್ಲಿ ವಾಡಿಕೆ. ಅದು ಮಾಡುವುದು ಇಷ್ಟೇ: ಯಂತ್ರದಿಂದ ಎದ್ದ ಪುಡಿಯನ್ನು ಕೆಲಸದವರ ಮೂಗಿನ ಮುಂದಿನಿಂದ ಹಾಯಿಸಿ ಪಕ್ಕದ ಮನೆಯ ಕಿಟಕಿಗೆ ಮುಟ್ಟಿಸುತ್ತದೆ. ಹೋಗಲಿ, ಅದರ ಹಿಂದೆ ಬಟ್ಟೆ ಕಟ್ಟೋಣ ಅಂದರೆ ಆ ರೆಕ್ಕೆ ಫ್ಯಾನಿಗೆ ಬಟ್ಟೆಯ ಮೂಲಕ ಗಾಳಿ ತಳ್ಳುವ ತಾಕತ್ತಿಲ್ಲ, ಸುಮ್ಮನೆ ತಿರುಗುತ್ತದೆ. ಫ್ಯಾನಿಗೆ ಮತ್ತು ಒದ್ದೆ ಗೋಣಿ ಪರದೆಗೆ ಹೋದ ಹತ್ತು ಹನ್ನೆರಡು ಸಾವಿರ ವಾಪಸು ಬರಲಿಲ್ಲ.

ಘಾಟು ಕೋಣೆಯಿಂದ ಬರುವುದಿಲ್ಲ, ಮೂರು ಜಾಗದಿಂದ ಬರುತ್ತದೆ. ಸೈಕ್ಲೋನ್ ತಲೆಯ ಬಟ್ಟೆ ಚೀಲ, ಕಾಯಿ ಸುರಿಯುವ ಹಾಪರ್, ಪುಡಿ ಬೀಳುವ ಡಬ್ಬ-ಜರಡಿಯ ಜಾಗ. ಇದರಲ್ಲಿ ಹಾಪರ್‌ನಿಂದ ಪುಡಿ ವಾಪಸು ಉಗುಳುತ್ತಿದ್ದರೆ ಮೊದಲು ಯಂತ್ರವನ್ನೇ ನೋಡಿ. ಒಳಗೆ ಕಾಯಿಯನ್ನು ಬಡಿಯುವ ಬೀಟರ್ ಸವೆದಿರುತ್ತದೆ, ಇಲ್ಲವೇ ಜಾಲಿ ಕಟ್ಟಿರುತ್ತದೆ, ಇಲ್ಲವೇ ಮೇಲಿನ ಚೀಲ ಉಸಿರಾಡುತ್ತಿರುವುದಿಲ್ಲ. ಇದನ್ನು ಸರಿಮಾಡದೆ ಮೇಲೆ ಎಷ್ಟು ಎಳೆತ ಕೊಟ್ಟರೂ ವ್ಯರ್ಥ.

ನಾನು ಮಾಡಿದ್ದು ಹೀಗೆ. ಸೈಕ್ಲೋನ್ ತಲೆಯ ಚೀಲ ಕಿತ್ತು ಅಲ್ಲಿಗೆ 5 ಇಂಚಿನ ಪೈಪು ಕೊಟ್ಟೆ. ಹಾಪರ್‌ಗೆ 4 ಇಂಚು, ಡಬ್ಬ-ಜರಡಿಗೆ ಇನ್ನೊಂದು 4 ಇಂಚು. ಮೂರೂ ಸೇರಿ ಏಳೂವರೆ ಇಂಚಿನ ಮೇನ್ ಪೈಪು. ಅದು ಹೋಗುವುದು ಬಟ್ಟೆ ಚೀಲಗಳಿರುವ ಒಂದು ಪೆಟ್ಟಿಗೆಗೆ, ಪೆಟ್ಟಿಗೆಯ ಆಚೆ ಗಾಳಿ ಎಳೆಯುವ ಬ್ಲೋವರ್. ಈ ಅಳತೆಗಳಲ್ಲಿ ಗಾಳಿಯ ವೇಗ ನಿಮಿಷಕ್ಕೆ 4000 ಅಡಿಯ ಆಸುಪಾಸು ಇರುತ್ತದೆ, ಒಟ್ಟು ಗಾಳಿ 1250 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ). ವೇಗ ಇದಕ್ಕಿಂತ ತೀರಾ ಇಳಿದರೆ ಪುಡಿ ಪೈಪಿನ ಹೊಟ್ಟೆಯಲ್ಲೇ ಕೂತು ಗಟ್ಟಿಯಾಗುತ್ತದೆ. ‘ದೊಡ್ಡ ಪೈಪು ಹಾಕಿದರೆ ಒಳ್ಳೆಯದಲ್ವಾ’ ಅಂತ ಕೇಳುವವರಿಗೆ ಉತ್ತರ ಇದೇ: ಪೈಪು ದೊಡ್ಡದಾದಷ್ಟೂ ವೇಗ ಇಳಿಯುತ್ತದೆ. ಪೈಪು 22 ಗೇಜಿನ ಜಿಐ (ಸತು ಲೇಪಿಸಿದ) ಶೀಟಿನದು. ಪಿವಿಸಿ ಅಗ್ಗ, ಆದರೆ ಒಣ ಪುಡಿ ಓಡಿದಂತೆ ಅದರಲ್ಲಿ ಸ್ಟ್ಯಾಟಿಕ್ ಕರೆಂಟು ಕೂಡುತ್ತದೆ. ಖಾರದ ಪುಡಿ ಗಾಳಿಯಲ್ಲಿ ದಟ್ಟವಾಗಿದ್ದಾಗ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ವಸ್ತು, ಹಾಗಾಗಿ ಪೈಪಿಗೂ ಪೆಟ್ಟಿಗೆಗೂ ಅರ್ಥಿಂಗ್, ಹಾಪರ್ ಬಾಯಿಗೆ ಮ್ಯಾಗ್ನೆಟ್. ಕಿಡಿ ಏಳಲು ಮೊಳೆಯೊಂದು ಬೀಟರ್‌ಗೆ ಬಡಿದರೆ ಸಾಕು. ಕೂಡುವ ಜಾಗದಲ್ಲಿ ನೇರವಾದ T ಆಕಾರದ ಜೋಡಣೆ ಬೇಡ, 30 ಡಿಗ್ರಿ ಓರೆಯಲ್ಲಿ ಸೇರಿಸಿ. ಪ್ರತಿ ಬಾಗಿನ ಹತ್ತಿರ ಕೈ ಹೋಗುವಷ್ಟು ಮುಚ್ಚಳ ಇರಲಿ.

ಹಾಪರ್ ಮೇಲೆ ದೂರದಲ್ಲಿ ಹುಡ್ (ಗಾಳಿ ಎಳೆಯುವ ಕೊಡೆಯಂಥ ಮುಚ್ಚಳ) ತೂಗುಹಾಕುವುದು ಬರೀ ಅಲಂಕಾರ. 4 ಇಂಚಿನ ಪೈಪು ಬಾಯಿಂದ 4 ಇಂಚು ದೂರ ಹೋದರೆ ಎಳೆತ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಅದಕ್ಕೇ ಹಾಪರ್‌ಗೆ ಮೂರು ಕಡೆ ಶೀಟು ಮುಚ್ಚಿ, ಮುಂದೆ ಹಳೆಯ ಟ್ಯೂಬಿನ ಪಟ್ಟಿಗಳನ್ನು ಒಂದರ ಮೇಲೊಂದು ಬರುವಂತೆ ಇಳಿಬಿಟ್ಟಿದ್ದೇನೆ. ಪಟ್ಟಿ ಸರಿಸಿ ಕಾಯಿ ಸುರಿಯುತ್ತಾರೆ, ಅದು ತಾನೇ ಮುಚ್ಚಿಕೊಳ್ಳುತ್ತದೆ. ಡಬ್ಬದ ಬಾಯಿಗೆ ಬಟ್ಟೆಯ ತೋಳು, ಅದರ ಸುತ್ತ ಗಾಳಿ ಎಳೆಯುವ ಸೀಳುಬಾಯಿಯ ಬಳೆ.

ಸೈಕ್ಲೋನ್ ಪೈಪಿಗೆ ಡ್ಯಾಂಪರ್ (ಎಳೆತ ಹೆಚ್ಚು ಕಡಿಮೆ ಮಾಡುವ ತಗಡಿನ ಬಾಗಿಲು) ಇಲ್ಲದೆ ಕೈ ಹಾಕಬೇಡಿ. ಎಳೆತ ಜಾಸ್ತಿಯಾದರೆ ಗಿರಾಕಿಯ ಒಳ್ಳೆಯ ಪುಡಿಯೇ ಮೇಲಕ್ಕೆ ಹೋಗುತ್ತದೆ. ಶುರುವಿನಲ್ಲಿ ಒಂದು ಕ್ವಿಂಟಲ್ಲಿಗೆ ನಾಲ್ಕೈದು ಕೆಜಿ ಹಾಗೆ ಹೋಗಿ ಬೈಗುಳ ತಿನ್ನುವಂತಾಯಿತು. ಯಂತ್ರ ತಾನೇ ಊದುವ ಗಾಳಿಗಿಂತ ಎಳೆತ ಒಂದು ಚೂರು ಹೆಚ್ಚಿರಬೇಕು, ಅಷ್ಟೇ. ಡ್ಯಾಂಪರ್ ಎಲ್ಲಿ ನಿಲ್ಲಿಸಬೇಕು ಅನ್ನುವ ಗುರುತನ್ನು ತಳಿಗೊಂದರಂತೆ ಹಾಕಿಕೊಂಡಿದ್ದೇನೆ. ಅದು ನಿಮ್ಮ ಯಂತ್ರಕ್ಕೆ ಹೊಂದುವುದಿಲ್ಲ, ನಾನು ಹೇಳುವುದೂ ಇಲ್ಲ.

ಬ್ಲೋವರ್ ಸೆಂಟ್ರಿಫ್ಯೂಗಲ್ (ಗಾಳಿಯನ್ನು ಸುತ್ತಿಸಿ ಅಂಚಿಗೆ ತಳ್ಳುವಂಥದ್ದು), 3 ಎಚ್‌ಪಿ, 8 ಇಂಚು ನೀರನ್ನು ಎತ್ತುವಷ್ಟು ಒತ್ತಡದ್ದು. ಅದನ್ನು ಚೀಲಗಳ ಆಚೆ, ಶುದ್ಧ ಗಾಳಿಯ ಕಡೆಗೇ ಕೂರಿಸಿ. ಚೀಲಕ್ಕಿಂತ ಮುಂಚೆ ಇಟ್ಟು ನೋಡಿಯಾಗಿದೆ. ರೆಕ್ಕೆಗಳಿಗೆ ಎಣ್ಣೆಯಂಶದ ಪುಡಿ ಮೆತ್ತಿ ಒಂದು ಕಡೆ ಭಾರವಾಗಿ, ಬೇರಿಂಗ್ ಹೋಗಿ, ಫೌಂಡೇಶನ್ ಬೋಲ್ಟೇ ಸಡಿಲಾಯಿತು.

ಪೆಟ್ಟಿಗೆಯೊಳಗೆ ಆರಿಂಚು ವ್ಯಾಸ, ಆರಡಿ ಉದ್ದದ 30 ಚೀಲಗಳು, ಬಟ್ಟೆ ಸುಮಾರು 280 ಚದರಡಿ. ಇದರಲ್ಲಿ ಜಿಪುಣತನ ಬೇಡ. ಚದರಡಿಗೆ ನಿಮಿಷಕ್ಕೆ ನಾಲ್ಕೈದು ಘನ ಅಡಿಗಿಂತ ಹೆಚ್ಚು ಗಾಳಿ ತೂರಿಸಿದರೆ ಪುಡಿ ನೇಯ್ಗೆಯೊಳಕ್ಕೇ ಹೋಗಿ ಕೂರುತ್ತದೆ. ಮಾರ್ಕಿನ್ (ಒರಟು ಹತ್ತಿ) ಬಟ್ಟೆ ಬೇಸಿಗೆಯಲ್ಲಿ ನಡೆಯಿತು, ಮಳೆಗಾಲದಲ್ಲಿ ತೇವ ಹೀರಿ ರೊಟ್ಟಿಯಂತೆ ಬಿರುಸಾಯಿತು. ಈಗಿರುವುದು ಪಾಲಿಯೆಸ್ಟರ್ ಫೆಲ್ಟ್. ಹೊಸ ಚೀಲವನ್ನು ನೇರವಾಗಿ ಖಾರಕ್ಕೆ ಬಿಡುವುದಿಲ್ಲ, ಮೊದಲು ಬೇರೊಂದು ಪುಡಿ ಕುಡಿಸುತ್ತೇನೆ. ತಿನ್ನುವ ಪದಾರ್ಥವೇ, ಯಾವುದು ಅನ್ನುವುದು ನನ್ನ ಹತ್ತಿರವೇ ಇರಲಿ.

ಚೀಲ ಯಾವಾಗ ಕೊಡವಬೇಕು ಅಂತ ತಿಳಿಯಲು ಮೀಟರ್ ಬೇಕಿಲ್ಲ. ಮೇಸ್ತ್ರಿಗಳ ಲೆವೆಲ್ ಟ್ಯೂಬನ್ನು ಯು ಆಕಾರದಲ್ಲಿ ಹಲಗೆಗೆ ಬಡಿದು, ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಚೀಲದ ಮುಂದಿನ ಕೋಣೆಗೆ, ಇನ್ನೊಂದನ್ನು ಹಿಂದಿನ ಕೋಣೆಗೆ ಕೊಡಿ. ಚೀಲ ಶುಭ್ರವಿದ್ದಾಗ ನೀರಿನ ವ್ಯತ್ಯಾಸ 2 ಇಂಚು ಇರುತ್ತದೆ. 5 ಇಂಚಿಗೆ ಬಂತೋ, ಬ್ಲೋವರ್ ನಿಲ್ಲಿಸಿ ಚೀಲಗಳ ಸನ್ನೆಕೋಲು ಎಳೆದು ಅರ್ಧ ನಿಮಿಷ ಅಲ್ಲಾಡಿಸಿ. ಬ್ಲೋವರ್ ಓಡುತ್ತಿರುವಾಗ ಎಷ್ಟು ಅಲ್ಲಾಡಿಸಿದರೂ ಪುಡಿ ಉದುರುವುದಿಲ್ಲ. ಐವತ್ತು ರೂಪಾಯಿಯ ಈ ಟ್ಯೂಬೇ ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ.

ಖರ್ಚು, ನೆನಪಿನಿಂದ: ಬ್ಲೋವರ್ ಮೋಟಾರ್ ಸೇರಿ 32 ಸಾವಿರ, ಪೆಟ್ಟಿಗೆ 45, ಪೈಪು 28, ಚೀಲಗಳು ಎರಡು ಸಲದ್ದು ಸೇರಿ 20ರ ಒಳಗೆ, ವೈರಿಂಗು-ಸ್ಟಾರ್ಟರ್-ಕೂಲಿ ಇನ್ನೊಂದು 25. ಒಂದೂವರೆ ಲಕ್ಷ ಅಂದುಕೊಳ್ಳಿ. ರೆಡಿಮೇಡ್‌ಗೆ ಬಂದಿದ್ದ ಕೊಟೇಶನ್ ನಾಲ್ಕು ಲಕ್ಷ ದಾಟಿತ್ತು. ಕರೆಂಟು ಗಂಟೆಗೆ ಎರಡೂವರೆ ಯೂನಿಟ್. ಈಗ ಪೆಟ್ಟಿಗೆಯಲ್ಲಿ ಕ್ವಿಂಟಲ್‌ಗೆ ಮುಕ್ಕಾಲು ಕೆಜಿಯಷ್ಟು ಪುಡಿ ಬೀಳುತ್ತದೆ. ಮುಂಚೆ ಅಷ್ಟೂ ಜನರ ಗಂಟಲಿಗೆ, ಗೋಡೆಗೆ ಹೋಗುತ್ತಿತ್ತು. ಹಲವರ ಕಾಯಿ ಬೆರೆತ ಪುಡಿ ಅದು, ಯಾರ ಡಬ್ಬಕ್ಕೂ ಹಾಕುವಂತಿಲ್ಲ. ಬೆಳ್ಳುಳ್ಳಿ-ಮೆಣಸಿನಕಾಯಿ ಕಷಾಯ ಮಾಡಿ ಬೆಳೆಗೆ ಹೊಡೆಯುವ ರೈತರು ಒಯ್ಯುತ್ತಾರೆ.

ಎಳೆತ ಸಾಕೋ ಇಲ್ಲವೋ ನೋಡಲು ರಾತ್ರಿ ದೀಪ ಆರಿಸಿ, ಯಂತ್ರ ಓಡಿಸಿ, ಟಾರ್ಚನ್ನು ಹಾಪರ್ ಹಿಂದಿನಿಂದ ನಿಮ್ಮ ಕಡೆಗೆ ಓರೆಯಾಗಿ ಬಿಡಿ. ಹಗಲಲ್ಲಿ ಕಾಣದ ಪುಡಿ ಆ ಬೆಳಕಿನಲ್ಲಿ ಹೊಗೆಯಂತೆ ಏಳುವುದು ಕಾಣುತ್ತದೆ. ಜರಡಿಯ ಹಿಂದಿನ ಮೂಲೆಯಿಂದ ಸೋರುತ್ತಿದ್ದದ್ದು ಸಿಕ್ಕಿದ್ದು ಹೀಗೆಯೇ. ಊದುಬತ್ತಿ ಹೊಗೆಯಿಂದಲೂ ನೋಡಬಹುದು, ಆದರೆ ಯಂತ್ರ ನಿಂತು, ಸುತ್ತ ಗುಡಿಸಿ, ಬ್ಲೋವರ್ ಮಾತ್ರ ಓಡುವಾಗ.

ಕೆಮ್ಮನ್ನೇ ಅಳತೆಗೋಲು ಮಾಡಿಕೊಳ್ಳಬೇಡಿ. ‘ನಮಗೆ ಅಭ್ಯಾಸ ಆಗಿದೆ, ಕೆಮ್ಮು ಬರಲ್ಲ’ ಅನ್ನುವವರ ನರಗಳು ಖಾರಕ್ಕೆ ಜಡವಾಗಿರುತ್ತವೆ, ಪುಡಿ ಮಾತ್ರ ಎದೆಗೆ ಇಳಿಯುತ್ತಲೇ ಇರುತ್ತದೆ. ಉಬ್ಬಸ ಇರುವವರನ್ನು ಹಾಪರ್ ಹತ್ತಿರ ನಿಲ್ಲಿಸಲೇಬೇಡಿ. ಪೆಟ್ಟಿಗೆ ತೆರೆದು ಕ್ಲೀನ್ ಮಾಡುವಾಗ ಈಗಲೂ ಎನ್‌95 ಮಾಸ್ಕು, ಸುತ್ತ ಮುಚ್ಚಿದ ಕನ್ನಡಕ ಬೇಕೇ ಬೇಕು. ಗಡ್ಡ ಇದ್ದರೆ ಮಾಸ್ಕಿನ ಅಂಚಿನಿಂದ ಪುಡಿ ನುಗ್ಗುತ್ತದೆ. ಒದ್ದೆ ಟವೆಲ್ ಕಟ್ಟಿಕೊಳ್ಳುವುದು ಬರೀ ಸಮಾಧಾನ.

ನಡುವೆ ಎಣ್ಣೆಯ ಪ್ರಯೋಗವೂ ಆಯಿತು. ಖಾರದ ಪುಡಿಗೆ ತೂಕದ 2%ವರೆಗೆ ಖಾದ್ಯ ಎಣ್ಣೆ ಸೇರಿಸಲು ಆಹಾರ ಸುರಕ್ಷತಾ ನಿಯಮದಲ್ಲಿ ಅವಕಾಶವಿದೆ, ಲೇಬಲ್ಲಿನಲ್ಲಿ ಹೇಳಬೇಕು. ಕಾಯಿಗೆ 1%ದಷ್ಟು ಶೇಂಗಾ ಎಣ್ಣೆ ಸವರಿ ಕುಟ್ಟಿದಾಗ ಧೂಳು ಕಣ್ಣಿಗೆ ಕಾಣುವಷ್ಟು ಇಳಿಯಿತು, ಬಣ್ಣವೂ ಎದ್ದಿತು. ಆದರೆ ಜರಡಿ ಕಟ್ಟಿತು, ಚೀಲ ಮುಚ್ಚಿಕೊಂಡಿತು. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದು ಎಣ್ಣೆ ಬಿಟ್ಟೆ. ನೀರು ಚಿಮುಕಿಸುವವರೂ ಇದ್ದಾರೆ. ಪುಡಿಯ ತೇವ 11% ದಾಟುವಂತಿಲ್ಲ, ದಾಟಿದರೆ ಬೂಸ್ಟು ಗ್ಯಾರಂಟಿ. ಹಾಗಂತ ಕಾಯಿ ಸೀದುಹೋಗುವಷ್ಟು ಒಣಗಿದ್ದರೂ ಧೂಳು ಹೆಚ್ಚು. ಮುರಿದರೆ ಚಟ್ಟನೆ ಸಿಡಿಯದೆ ಬಗ್ಗಿ ಮುರಿಯುವ ಹದ ಒಳ್ಳೆಯದು. ಇನ್ನೊಂದು ಉಪಾಯಕ್ಕೆ ಕಾಸೂ ಬೇಡ: ಖಾರ ಕಡಿಮೆಯ ಬ್ಯಾಡಗಿ ಕಡ್ಡಿ, ಡಬ್ಬಿ ತಳಿಗಳನ್ನು ಬೆಳಿಗ್ಗೆ ಕುಟ್ಟಿ, ತೇಜಾ ಕೊನೆಗೆ. ಘಾಟಿನ ಕಾಯಿ ಮೊದಲು ಕುಟ್ಟಿದರೆ ಉಳಿದ ದಿನವೆಲ್ಲ ಅದೇ ಪುಡಿ ಯಂತ್ರದಲ್ಲಿ ಸುತ್ತುತ್ತದೆ.

ಕೈ ಉರಿಗೆ ಕೊಳವೆ ನೀರು ಹಿಡಿಯುವುದು ಎಲ್ಲ ಕಡೆ ನೋಡುತ್ತೇನೆ. ಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಮೊದಲು ಒಣ ಬಟ್ಟೆಯಿಂದ ಪುಡಿ ಕೊಡವಿ, ಅಡುಗೆ ಎಣ್ಣೆ ಸವರಿ, ಅದನ್ನು ಪೂರ್ತಿ ಒರೆಸಿ ತೆಗೆದು, ಆಮೇಲೆ ಪಾತ್ರೆ ತೊಳೆಯುವ ಸೋಪು, ತಣ್ಣೀರು. ಉಗುರಿನ ಸಂದಿಗೆ ಎರಡು ಸಲ. ಎಣ್ಣೆ ಒರೆಸದೆ ಬಿಟ್ಟರೆ ಅದೇ ಖಾರವನ್ನು ಮೊಣಕೈವರೆಗೆ ಹಬ್ಬಿಸುತ್ತದೆ. ಬಿಸಿನೀರು ಬೇಡ. ಚರ್ಮದಲ್ಲಿ ಬಿಸಿಯನ್ನು ಅರಿಯುವ ಬಾಗಿಲನ್ನೇ ಈ ಖಾರ ತೆರೆಯುವುದು. ಕ್ಯಾಪ್ಸೈಸಿನ್ ಹಿಡಿದುಕೊಂಡೇ ಆ ಬಾಗಿಲು ಹುಡುಕಿದ ವಿಜ್ಞಾನಿ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಕಣ್ಣಿಗೆ ಮಾತ್ರ ಎಣ್ಣೆ, ಹಾಲು ಏನೂ ಬೇಡ, ಶುದ್ಧ ನೀರನ್ನು ಕಾಲು ಗಂಟೆ ಬಿಡಿ, ಉರಿ ಇಳಿಯದಿದ್ದರೆ ಡಾಕ್ಟರು. ತೊಟ್ಟು ಬಿಡಿಸುವವರಿಗೆ ಬಟ್ಟೆಯ ಗ್ಲೌಸ್ ಕೊಟ್ಟರೆ ಬೆವರಿಗೆ ನೆಂದು ಪುಡಿ ಹಿಡಿದು ದಿನವಿಡೀ ಚರ್ಮಕ್ಕೆ ಒತ್ತುತ್ತದೆ, ಕೊಡದಿರುವುದೇ ವಾಸಿ. ತೆಳು ನೈಟ್ರೈಲ್ ರಬ್ಬರಿನ ಗ್ಲೌಸ್ ಕೊಡಿ, ಊಟದ ಹೊತ್ತಿಗೆ ಬದಲಿಸಿ. ಕುತ್ತಿಗೆ ಮಡಿಕೆ ಮತ್ತು ಸೊಂಟದ ಕಟ್ಟಿನಲ್ಲಿ ಏಳುವ ಕೆಂಪು ಗುಳ್ಳೆಗಳಿಗೆ ಕಾರಣ ಬೆವರಿನ ಜೊತೆ ಇಳಿದ ಪುಡಿ. ಕೆಲಸದ ಬಟ್ಟೆ ಗಿರಣಿಯಲ್ಲೇ ಬಿಚ್ಚಿ, ಮನೆ ಬಟ್ಟೆ ಜೊತೆ ಒಗೆಯಬೇಡಿ.

ಮಸಾಲೆಗೆ ಕಾಯಿ ಹುರಿಯುವ ಒಲೆಯ ಘಾಟು ಮಾತ್ರ ಬೇರೆ ಜಾತಿ. ಬಿಸಿ ಹೊಗೆಯಲ್ಲಿ ಎಣ್ಣೆ ಹನಿ ಇರುತ್ತದೆ, ಈ ಚೀಲಗಳಿಗೆ ಬಿಟ್ಟರೆ ವಾರದಲ್ಲಿ ಜಿಡ್ಡು ಹಿಡಿಯುತ್ತವೆ, ಕಿಡಿ ಹೋದರೆ ಪೆಟ್ಟಿಗೆಯೇ ಹೊತ್ತುತ್ತದೆ. ಅದಕ್ಕೆ ಒಲೆ ಮೇಲೆ ಅಗಲ ಹುಡ್, ಬೇರೆಯದೇ ಚಿಮಣಿ ಬೇಕು, ಮಾಡಿಗಿಂತ ಎತ್ತರಕ್ಕೆ. ಸದ್ಯಕ್ಕೆ ಹುರಿಯುವ ಆರ್ಡರನ್ನು ಬೆಳಿಗ್ಗೆ ಕೆಲಸದವರು ಬರುವ ಮುಂಚೆ ಮುಗಿಸುತ್ತಿದ್ದೇನೆ.