ಬೆಂಗಳೂರಿಗೆ ಹೊಸಬರಾ? ಮೊದಲು ಎರಡು ಬೆಳಿಗ್ಗೆ ನಡೆಯಿರಿ

ದುಬೈ, ಮುಂಬೈ, ಅಮೆರಿಕ ಅಂತ ಹೊರಗೆ ಬೆಳೆದು ಈಗ ಕೆಲಸಕ್ಕೋ, ಅಪ್ಪ ಅಮ್ಮನ ಜೊತೆ ಇರೋಣ ಅಂತಲೋ ಬೆಂಗಳೂರಿಗೆ ಬಂದ ಕನ್ನಡದವರು ನಮ್ಮ ಬಡಾವಣೆಯಲ್ಲಿ ಜಾಸ್ತಿಯಾಗಿದ್ದಾರೆ. ಬಂದ ಕೂಡಲೇ ಕೇಳುವುದು ಮನೆ ಬಾಡಿಗೆ, ಶಾಲೆ, ಕುಡಿಯುವ ನೀರು. ಅದೆಲ್ಲ ಒಂದೊಂದಾಗಿ ಆಗುತ್ತದೆ, ಚಿಂತೆ ಬೇಡ. ಆದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂತು ಈ ಊರಿನ ಬಗ್ಗೆ ಒಂದು ತೀರ್ಮಾನಕ್ಕೆ ಬರುವ ಮುಂಚೆ, ದಯವಿಟ್ಟು ಎರಡು ಬೆಳಿಗ್ಗೆ ಕಾಲ್ನಡಿಗೆಗೆ ಇಡಿ. ಗೈಡ್ ಬೇಡ, ಗುಂಪು ಬೇಡ. ಊರಿನ ಕಲ್ಲು, ಮರ, ಚಿತ್ರ ಮೂರೂ ಒಂದಕ್ಕೊಂದು ಹತ್ತಿರದಲ್ಲೇ ಇವೆ. ನಿಮ್ಮ ಕನ್ನಡ ತಡವರಿಸಿದರೂ ಪರವಾಗಿಲ್ಲ, ಅದು ಈ ನಡಿಗೆಯಲ್ಲಿ ತುಂಬಾ ಕೆಲಸಕ್ಕೆ ಬರುತ್ತದೆ, ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೊದಲನೇ ಬೆಳಿಗ್ಗೆ ಲಾಲ್‌ಬಾಗ್. ಹಸಿರು ಮಾರ್ಗದ ಮೆಟ್ರೊದಲ್ಲಿ ಲಾಲ್‌ಬಾಗ್ ನಿಲ್ದಾಣಕ್ಕೆ ಬಂದು ಪಶ್ಚಿಮ ಗೇಟಿನಿಂದ ಒಳಗೆ ಹೋಗಿ. ಭಾನುವಾರ ಮೆಟ್ರೊ ತಡವಾಗಿ ಶುರುವಾಗುತ್ತದೆ, ಹಾಗಾಗಿ ಶನಿವಾರವೇ ವಾಸಿ. ಒಳಗೆ ಹೋದ ಮೇಲೆ ಹೂವು, ಗಾಜಿನ ಮನೆ ಯಾವುದಕ್ಕೂ ನಿಲ್ಲಬೇಡಿ. ನೇರ ಬಂಡೆಯ ಕಡೆ ನಡೆಯಿರಿ. ಬಿಸಿಲು ಏರಿದರೆ ಅಲ್ಲಿ ನಿಲ್ಲುವುದು ಕಷ್ಟ, ಮಿಕ್ಕಿದ್ದನ್ನು ವಾಪಸ್ ಬರುವಾಗ ನೆರಳಿನಲ್ಲಿ ನೋಡಬಹುದು.

ಬಂಡೆ ಅಂತ ಸುಮ್ನೆ ಹತ್ತಿ ಫೋಟೊ ತೆಗೆದು ಇಳಿಯುವವರೇ ಹೆಚ್ಚು. ನೀವು ಹಾಗೆ ಮಾಡಬೇಡಿ. ಕೂತು ಕಲ್ಲನ್ನು ಹತ್ತಿರದಿಂದ ನೋಡಿ, ಬಿಳಿ ಮತ್ತು ಕಪ್ಪು ಪಟ್ಟಿಗಳು ಬಳುಕಿಕೊಂಡು ಹೋಗಿರುವುದು ಕಾಣುತ್ತದೆ. ಇದು ನೈಸ್ ಶಿಲೆ, ಭೂಮಿಯ ಆಳದಲ್ಲಿ ಭಾರೀ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಹೀಗೆ ಪಟ್ಟಿಪಟ್ಟಿಯಾಗಿದೆ. ವಯಸ್ಸು ಸುಮಾರು 300 ಕೋಟಿ ವರ್ಷ. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ, ಅಲ್ಲೇ ಫಲಕ ಇದೆ, ಓದಿ. ಮೇಲೆ ಇರುವ ಪುಟ್ಟ ಗೋಪುರ ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲಿ ಒಂದು. ಉಳಿದವು ಹಲಸೂರು, ಕೆಂಪಾಂಬುಧಿ ಕೆರೆ ಮತ್ತು ಮೇಖ್ರಿ ವೃತ್ತದ ಹತ್ತಿರ ಇವೆ. ಊರಿನ ಎಲ್ಲೆ ಇಷ್ಟೇ ಅಂತ ಗುರುತು ಮಾಡಿದ್ದು ಇವು, ಅಂತ ಹಿರಿಯರು ಹೇಳುತ್ತಾರೆ. ಆ ಗೋಪುರದ ಪಕ್ಕ ನಿಂತು ಸುತ್ತ ಕಣ್ಣು ಹಾಯಿಸಿದರೆ, 1537ರಲ್ಲಿ ಶುರುವಾದ ಪೇಟೆ ಈಗ ಎಲ್ಲಿಗೆ ಹೋಗಿ ಮುಟ್ಟಿದೆ ಅನ್ನುವುದು ಯಾರೂ ವಿವರಿಸದೆಯೇ ಗೊತ್ತಾಗುತ್ತದೆ.

ಇಳಿದ ಮೇಲೆ ನಿಧಾನ ಮಾಡಿ. ಲಾಲ್‌ಬಾಗ್ ಶುರು ಮಾಡಿದ್ದು ಹೈದರಾಲಿ, 1760ರ ಸುಮಾರಿಗೆ. ಟಿಪ್ಪು ಅದನ್ನು ಬೆಳೆಸಿದ. ಈಗ 240 ಎಕರೆ. ಬಿಳಿ ಬೂರುಗದ ದೊಡ್ಡ ಮರವನ್ನು ಹುಡುಕಿ, ಅದರ ಬೇರುಗಳು ನೆಲದಿಂದ ಗೋಡೆಗಳ ಹಾಗೆ ಎದ್ದಿವೆ, ಮಕ್ಕಳಿದ್ದರೆ ಅಲ್ಲಿಂದ ಎಬ್ಬಿಸುವುದೇ ಕಷ್ಟ. ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನ ನಡೆಯುವುದು ಅಲ್ಲೇ. ಪ್ರದರ್ಶನದ ದಿನಗಳಲ್ಲಿ ಮಾತ್ರ ನಡಿಗೆಗೆ ಹೋಗಬೇಡಿ, ಅಷ್ಟು ಜನ.

ಈಗ ಕನ್ನಡದ ವಿಷಯ. ಮರಗಳ ಮೇಲೆ ಹೆಸರಿನ ಫಲಕ ಇರುತ್ತದೆ, ಎಲ್ಲದಕ್ಕೂ ಇರುವುದಿಲ್ಲ. ಫೋನಿನ ಆ್ಯಪ್ ತೆಗೆಯುವ ಮುಂಚೆ ಅಲ್ಲಿ ಕೆಲಸ ಮಾಡುತ್ತಿರುವ ಮಾಲಿಗಳನ್ನು ಕೇಳಿ. "ಅಣ್ಣಾ, ಇದು ಯಾವ ಮರ? ಯಾವಾಗ ಹೂ ಬಿಡುತ್ತೆ?" ಇಷ್ಟು ಕೇಳಿದರೆ ಸಾಕು. ಕಸ ಗುಡಿಸುವ ಅಕ್ಕಂದಿರಿಗೆ ಯಾವ ಮರದಿಂದ ಯಾವ ತಿಂಗಳು ಎಷ್ಟು ಎಲೆ ಉದುರುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿರುತ್ತದೆ. ಯಾವ ಮರದ ಪೊಟರೆಯಲ್ಲಿ ಹಾಲಕ್ಕಿ (ಪುಟ್ಟ ಗೂಬೆ) ಕೂರುತ್ತದೆ ಅಂತಲೂ ಹೇಳುತ್ತಾರೆ. ಹೊರಗೆ ಬೆಳೆದ ಎಷ್ಟೋ ಮಕ್ಕಳು ಮನೆಯ ಹೊರಗೆ ಮೊದಲ ಸಲ ಬಾಯಿಬಿಟ್ಟು ಕನ್ನಡ ಮಾತಾಡಿದ್ದು ಹೀಗೆ, ಮರದ ಹೆಸರು ಕೇಳುತ್ತಾ. ಅದು ನನಗೆ ಬಹಳ ಸಂತೋಷ ಕೊಡುವ ವಿಷಯ.

ಲಾಲ್‌ಬಾಗ್ ಮುಗಿಸಿ ಕಾಲಲ್ಲಿ ಇನ್ನೂ ಶಕ್ತಿ ಇದ್ದರೆ ಪಶ್ಚಿಮ ಗೇಟಿನಿಂದ ಗಾಂಧಿ ಬಜಾರಿಗೆ ನಡೆಯಿರಿ. ಅರ್ಧ ಗಂಟೆ ದಾರಿ. 1943ರಿಂದ ಇರುವ ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದು (ಕಾಯಬೇಕಾಗುತ್ತದೆ, ಕಾಯಿರಿ) ಕಹಳೆ ಬಂಡೆಗೆ (ಬ್ಯೂಗಲ್ ರಾಕ್) ಹೋಗಿ. ನೀವು ಬೆಳಿಗ್ಗೆ ಕೂತಿದ್ದ ಶಿಲೆಯೇ ಇಲ್ಲೂ ಎದ್ದಿದೆ. ಇಲ್ಲಿನ ಮರಗಳಲ್ಲಿ ತಲೆ ಎತ್ತಿ ನೋಡಿದರೆ ಬಾವಲಿಗಳು ನೇತಾಡುತ್ತಿರುತ್ತವೆ. ಪಕ್ಕದಲ್ಲೇ ದೊಡ್ಡ ಬಸವನ ಗುಡಿ, ಒಂದೇ ಕಲ್ಲಿನಲ್ಲಿ ಕಡೆದ ನಂದಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ, ಅದನ್ನು ಮಾತ್ರ ತಪ್ಪಿಸಬೇಡಿ.

ಎರಡನೇ ಬೆಳಿಗ್ಗೆ ಕಬ್ಬನ್ ಪಾರ್ಕ್. ಇದಕ್ಕೆ ಭಾನುವಾರವೇ ಸರಿ, ಒಳಗಿನ ರಸ್ತೆಗಳಲ್ಲಿ ಅಂದು ವಾಹನ ಬಿಡುವುದಿಲ್ಲ. ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣ ಇದೆ. ಉದ್ಯಾನ ಮಾಡಿಸಿದ್ದು ರಿಚರ್ಡ್ ಸ್ಯಾಂಕಿ, 1870ರಲ್ಲಿ. ಅಂಚಿನಲ್ಲಿರುವ ಕೆಂಪು ಅಠಾರಾ ಕಚೇರಿ, ಈಗಿನ ಹೈಕೋರ್ಟ್, ಅದೂ ಆ ಕಾಲದ್ದೇ. ದಾರಿ ತಪ್ಪಿದರೂ ತೊಂದರೆಯಿಲ್ಲ, ಕೆಂಪು ಬಣ್ಣದ ಕಟ್ಟಡಗಳನ್ನು ಗುರುತಿಟ್ಟುಕೊಂಡರೆ ಆಯಿತು: ಒಂದು ಹೈಕೋರ್ಟ್, ಒಂದು ಶೇಷಾದ್ರಿ ಅಯ್ಯರ್ ಸ್ಮಾರಕದ ಗ್ರಂಥಾಲಯ, ಒಂದು ಕಸ್ತೂರಬಾ ರಸ್ತೆಯ ಮ್ಯೂಸಿಯಂ.

ಇಲ್ಲಿ ಬಿದಿರಿನ ಮೆಳೆಗಳಿವೆ, ಗಾಳಿ ಬಂದರೆ ಕಿರುಗುಟ್ಟುತ್ತವೆ, ಅಲ್ಲಿ ಸ್ವಲ್ಪ ಹೊತ್ತು ಕೂರಲೇಬೇಕು. ಆಮೇಲೆ ಮರಗಳ ಲೆಕ್ಕಕ್ಕೆ ಬನ್ನಿ. ಜನವರಿ, ಫೆಬ್ರವರಿಯಲ್ಲಿ ಬಂದರೆ ಗುಲಾಬಿ ಟಬೂಬಿಯಾ, ಅದರ ಹಿಂದೆಯೇ ಹಳದಿಯದು, ಮಾರ್ಚ್‌ನಲ್ಲಿ ನೇರಳೆ ಬಣ್ಣದ ಜಕರಂಡಾ, ಏಪ್ರಿಲ್ ಮೇ ಹೊತ್ತಿಗೆ ಕೆಂಪು ಗುಲ್‌ಮೊಹರ್, ಮಳೆಗಾಲ ಮುಗಿಯುತ್ತಾ ಬೆಳ್ಳಗೆ ನೆಲದ ಮೇಲೆ ಉದುರಿರುವ ಆಕಾಶಮಲ್ಲಿಗೆ. ಹೀಗೆ ವರ್ಷವಿಡೀ ಎಲ್ಲೋ ಒಂದು ಕಡೆ ಹೂ ಇರುವುದು ತಾನಾಗಿ ಆದದ್ದಲ್ಲ. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರು, ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಶುರು ಮಾಡಬೇಕು ಅನ್ನುವ ಲೆಕ್ಕದಲ್ಲಿ ರಸ್ತೆಗಳಿಗೆ ಮರ ಆರಿಸಿದರು. 1956ರಲ್ಲಿ ಅವರು ತೀರಿಕೊಂಡದ್ದೂ ಬೆಂಗಳೂರಲ್ಲೇ, ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಫೋಟೊಗಳಲ್ಲಿ ಮೆರೆಯುವ ಈ ಹೂಗಳಲ್ಲಿ ಹೆಚ್ಚಿನವು ದಕ್ಷಿಣ ಅಮೆರಿಕದ ಕಡೆಯವು, ಗುಲ್‌ಮೊಹರ್ ಮಡಗಾಸ್ಕರಿನದು. ನಮ್ಮ ಹೊಂಗೆ ಅಷ್ಟು ಮೆರೆಯುವುದಿಲ್ಲ. ಆದರೆ ಯುಗಾದಿ ಹೊತ್ತಿಗೆ ಹೊಂಗೆಯ ಎಳೆ ಚಿಗುರಿನ ಕೆಳಗೆ ನಿಂತು ಜೇನುಹುಳುಗಳ ಸದ್ದು ಕೇಳಿ ನೋಡಿ. ನನ್ನನ್ನು ಕೇಳಿದರೆ ಊರಿನ ಅತಿ ಒಳ್ಳೆಯ ಮರ ಅದೇ.

ಬಿಸಿಲು ಏರಿದ ಮೇಲೆ ವೆಂಕಟಪ್ಪ ಚಿತ್ರಶಾಲೆ. ಮ್ಯೂಸಿಯಂ ಪಕ್ಕದಲ್ಲೇ ಇದೆ. ದುರಸ್ತಿಗೆ ಮುಚ್ಚಿರುವುದೂ ಉಂಟು, ಮೊದಲೇ ವಿಚಾರಿಸಿ. ಕೆ. ವೆಂಕಟಪ್ಪ ಮೈಸೂರು ಸೀಮೆಯ ಚಿತ್ರಗಾರರ ಮನೆತನದವರು, ಕಲ್ಕತ್ತಾದಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು. ಊಟಿಯ ಬೆಟ್ಟ, ಮಂಜು, ಬೆಳಕನ್ನು ಜಲವರ್ಣದಲ್ಲಿ ಅವರು ತಂದಿರುವ ರೀತಿಯನ್ನು ಮರಗಳ ನಡುವೆ ಎರಡು ಗಂಟೆ ಕಳೆದು ಬಂದ ಕಣ್ಣಿನಿಂದ ನೋಡಬೇಕು. ಎಲೆಯ ಅಂಚಿನಲ್ಲಿ ಬೆಳಕು ಬದಲಾಗುವುದನ್ನು ಆಗಷ್ಟೇ ಗಮನಿಸಿರುತ್ತೀರಿ, ಆ ಚಿತ್ರಗಳಲ್ಲಿ ಎಷ್ಟು ತಾಳ್ಮೆ ಇದೆ ಅನ್ನುವುದು ಆಗ ಅರ್ಥವಾಗುತ್ತದೆ. ನೇರ ಆಟೋದಲ್ಲಿ ಬಂದು ಇಳಿದವರಿಗೆ ಅದು ಅಷ್ಟು ಬೇಗ ಸಿಗುವುದಿಲ್ಲ, ಅದಕ್ಕೇ ನಾನು ಮರ ಮೊದಲು, ಚಿತ್ರ ಆಮೇಲೆ ಅನ್ನುವುದು. ಇನ್ನೂ ನೋಡಬೇಕು ಅನಿಸಿದರೆ ಪ್ಯಾಲೇಸ್ ರಸ್ತೆಯ ಮಾಣಿಕ್ಯವೇಲು ಮಹಲಿಗೆ ಹೋಗಿ, 2009ರಿಂದ ಅಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಹಳೇ ಮರಗಳ ನೆರಳೂ ಇದೆ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತನ್ನು ಜನವರಿಯ ಚಿತ್ರಸಂತೆಗೆ ಉಳಿಸಿಕೊಳ್ಳಿ, ಅಂದು ಇಡೀ ರಸ್ತೆಯೇ ಚಿತ್ರದ ಅಂಗಡಿ.

ಕೆಲವು ಎಚ್ಚರಿಕೆ. ಫುಟ್‌ಪಾತಿನಲ್ಲಿ ನಡೆಯುವಾಗ ಮರ ನೋಡಬೇಡಿ. ನೋಡಬೇಕು ಅನಿಸಿದರೆ ನಿಂತು ನೋಡಿ, ಚಪ್ಪಡಿಗಳು ಎದ್ದಿರುತ್ತವೆ. ಬೀದಿನಾಯಿಗಳು ಗುಂಪಾಗಿದ್ದರೆ ಓಡದೆ ನಿಧಾನಕ್ಕೆ ಪಕ್ಕಕ್ಕೆ ಹೋಗಿ. ನೀರಿನ ಬಾಟಲಿ ಮನೆಯಿಂದ ಸ್ಟೀಲಿನದು ತನ್ನಿ, ಚಿಲ್ಲರೆ ಇರಲಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗಾಳಿ ಎದ್ದರೆ ಮರದ ಕೆಳಗೆ ನಿಲ್ಲಲೇಬೇಡಿ, ಗುಲ್‌ಮೊಹರ್ ಕೊಂಬೆಗಳು ಬಹಳ ಬೇಗ ಮುರಿದು ಬೀಳುತ್ತವೆ, ಯಾವುದಾದರೂ ಕಟ್ಟಡದೊಳಗೆ ಹೋಗಿ. ಮತ್ತೆ ಚಿತ್ರಗಳನ್ನೂ ನೋಡುವ ಆಸೆಯಿದ್ದರೆ ಸೋಮವಾರ ಹೊರಡಬೇಡಿ, ಮ್ಯೂಸಿಯಂ ಮತ್ತು ಮಾಣಿಕ್ಯವೇಲು ಮಹಲು ಎರಡಕ್ಕೂ ಅಂದು ರಜೆ.