ಲ್ಯಾಪ್‌ಟಾಪಿನ ಪ್ರೊಸೆಸರನ್ನು ನಾನೇ ಬದಲಿಸಿದ ಬಗೆ

ಎರಡು ಕೋರಿನ (ಅಂದರೆ ಲೆಕ್ಕ ಮಾಡುವ ಎರಡು ಘಟಕಗಳಿರುವ) ಇಂಟೆಲ್ ಐ3-3110ಎಂ ಪ್ರೊಸೆಸರನ್ನು ತೆಗೆದು ಅದೇ ಜಾಗದಲ್ಲಿ ನಾಲ್ಕು ಕೋರಿನ ಐ7-3632ಕ್ಯೂಎಂ ಕೂರಿಸಲು ನನಗೆ ಒಂದೂವರೆ ಗಂಟೆ ಹಿಡಿಯಿತು. ಲ್ಯಾಪ್‌ಟಾಪನ್ನು ಬಿಚ್ಚಬಹುದೇ, ಬಿಚ್ಚಿದರೆ ಯಾವ ಚಿಪ್ ಹಾಕಬೇಕು ಎಂಬುದನ್ನು ಖಚಿತಪಡಿಸಿಕೊಳ್ಳಲು ಮೂರು ವಾರ ಬೇಕಾದವು. ಕೈಕೆಲಸಕ್ಕಿಂತ ಆ ಮೂರು ವಾರಗಳ ಬಗ್ಗೆಯೇ ಇಲ್ಲಿ ಹೆಚ್ಚು ಬರೆಯುತ್ತಿದ್ದೇನೆ, ಏಕೆಂದರೆ ಚಿಪ್ ಕೊಂಡ ಮೇಲೆ ತಿಳಿಯುವ ತಪ್ಪಿಗೆ ಪರಿಹಾರವಿರುವುದಿಲ್ಲ.

ನನ್ನದು 2012ರ ಮಾದರಿಯ ಯಂತ್ರ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದೆ, ರ‍್ಯಾಮ್ 4 ಜಿಬಿಯಿಂದ 8 ಜಿಬಿಗೆ ಏರಿಸಿದ್ದೆ. ಇವೆರಡರಿಂದಲೇ ಅದು ಬಹುಮಟ್ಟಿಗೆ ಚುರುಕಾಗಿತ್ತು. ಆದರೂ ನಾನು ಚಿತ್ರೀಕರಿಸಿದ ಒಂದು ಗಂಟೆಯ ಪಾಠದ ವಿಡಿಯೋವನ್ನು ಚಿಕ್ಕ ಗಾತ್ರಕ್ಕೆ ಪರಿವರ್ತಿಸಲು 46 ನಿಮಿಷ ಬೇಕಾಗುತ್ತಿತ್ತು, ಆ ಹೊತ್ತಿನಲ್ಲಿ ಬೇರಾವ ಕೆಲಸವನ್ನೂ ಮಾಡುವಂತಿರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಗಮನಿಸಿದಾಗ ನಾಲ್ಕೂ ಥ್ರೆಡ್‌ಗಳು (ಒಂದೊಂದು ಕೋರೂ ಏಕಕಾಲಕ್ಕೆ ನಡೆಸುವ ಎರಡೆರಡು ಕೆಲಸದ ಸಾಲುಗಳು) ನೂರಕ್ಕೆ ನೂರು ದುಡಿಯುತ್ತಿದ್ದವು, ಡಿಸ್ಕ್ ಬಹುತೇಕ ಸುಮ್ಮನಿತ್ತು, ರ‍್ಯಾಮ್ ಅರ್ಧದಷ್ಟು ಖಾಲಿಯಿತ್ತು. ಕೊರತೆ ಪ್ರೊಸೆಸರಿನದೇ ಎಂದು ನಾನು ತೀರ್ಮಾನಿಸಿದ್ದು ಇದನ್ನು ಕಣ್ಣಾರೆ ಕಂಡ ಮೇಲೆಯೇ. ಇನ್ನೂ ಹಳೆಯ ಹಾರ್ಡ್ ಡಿಸ್ಕಿನಲ್ಲೇ ನಡೆಯುತ್ತಿರುವ ಯಂತ್ರಕ್ಕೆ ಎಂಥ ಪ್ರೊಸೆಸರ್ ಹಾಕಿದರೂ ಅದು ಆನ್ ಆಗಲು ತೆಗೆದುಕೊಳ್ಳುವ ಸಮಯ ಕಡಿಮೆಯಾಗುವುದಿಲ್ಲ.

ಮುಂದಿನ ಪ್ರಶ್ನೆ, ಪ್ರೊಸೆಸರ್ ಹೊರಗೆ ಬರುತ್ತದೆಯೇ ಎಂಬುದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರಿಗೆ ಪಿನ್‌ಗಳಿದ್ದು ಅದು ಸಾಕೆಟ್ಟಿನಲ್ಲಿ ಕೂರುತ್ತದೆ; ಇದಕ್ಕೆ ಪಿಜಿಎ ಎನ್ನುತ್ತಾರೆ. ಉಳಿದವುಗಳಲ್ಲಿ ಅಡಿಭಾಗದ ಸಣ್ಣ ಬೆಸುಗೆ ಗುಂಡುಗಳಿಂದ ಅದನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ, ಇದು ಬಿಜಿಎ. ಇಂಟೆಲ್‌ನ ಮಟ್ಟಿಗೆ 2011ರ ಸ್ಯಾಂಡಿ ಬ್ರಿಡ್ಜ್ ಮತ್ತು 2012ರ ಐವಿ ಬ್ರಿಡ್ಜ್ ಪೀಳಿಗೆಗಳು 988 ಪಿನ್ನಿನ ಜಿ2 ಸಾಕೆಟ್ಟನ್ನೂ, 2013ರ ಹ್ಯಾಸ್‌ವೆಲ್ ಪೀಳಿಗೆ ಜಿ3 ಸಾಕೆಟ್ಟನ್ನೂ ಬಳಸಿದವು. ಅನಂತರ ಬಂದ ಬ್ರಾಡ್‌ವೆಲ್‌ನಿಂದ ಮುಂದಕ್ಕೆ ಲ್ಯಾಪ್‌ಟಾಪಿಗಾಗಿ ಮಾಡಿದ ಚಿಪ್‌ಗಳೆಲ್ಲ ಬೆಸುಗೆಯವೇ. ಅದಕ್ಕೂ ಹಿಂದಿನ ಪೀಳಿಗೆಗಳಲ್ಲೂ ಹೆಸರಿನ ಕೊನೆಯಲ್ಲಿ ‘ಯು’ ಅಕ್ಷರವಿರುವ ತೆಳು ಲ್ಯಾಪ್‌ಟಾಪಿನ ಚಿಪ್‌ಗಳನ್ನು ಬೋರ್ಡಿಗೆ ಬೆಸೆದೇ ಕೊಡುತ್ತಿದ್ದರು. ಬೆಸೆದ ಚಿಪ್ಪನ್ನು ಬಿಸಿಗಾಳಿಯಿಂದ ಎಬ್ಬಿಸಿ ಬೇರೊಂದನ್ನು ಬೆಸೆಯಬಲ್ಲ ಯಂತ್ರಗಳೂ ಪರಿಣತರೂ ಇದ್ದಾರೆ, ಆದರೆ ಅದು ಮನೆಯ ಮೇಜಿನ ಮೇಲೆ ಮಾಡುವ ಕೆಲಸವಲ್ಲ.

ಇಲ್ಲಿ ಒಂದು ತೊಡಕಿದೆ. ನನ್ನ ಐ3-3110ಎಂ ಒಂದೇ ಹೆಸರಿನಲ್ಲಿ ಪಿನ್ನಿರುವ ರೂಪದಲ್ಲೂ ಬೆಸುಗೆಯ ರೂಪದಲ್ಲೂ ಬಂದಿತ್ತು. ಐ7-3612ಕ್ಯೂಎಂ ಕೂಡ ಹಾಗೆಯೇ. ಹೀಗಾಗಿ ಹೆಸರು ಓದಿ ನಿರ್ಧರಿಸುವಂತಿರಲಿಲ್ಲ, ಮಾಹಿತಿ ತೋರಿಸುವ ತಂತ್ರಾಂಶವನ್ನೂ ನಾನು ಪೂರ್ತಿ ನಂಬಲಿಲ್ಲ. ಕೆಳಗಿನ ಮುಚ್ಚಳ ತೆಗೆದು, ಪ್ರೊಸೆಸರಿನ ಬಿಸಿಯನ್ನು ಹೀರುವ ಲೋಹದ ಭಾಗವಾದ ಹೀಟ್‌ಸಿಂಕಿನ ಅಂಚಿನಿಂದ ಟಾರ್ಚ್ ಹಿಡಿದು ನೋಡಿದಾಗ ಕಪ್ಪು ಪ್ಲಾಸ್ಟಿಕ್ ಚೌಕಟ್ಟಿನ ಒಂದು ಬದಿಯಲ್ಲಿ ಅಗಲ ಗೀರಿನ ಸ್ಕ್ರೂ ತಲೆಯೂ ಅದರ ಪಕ್ಕದಲ್ಲಿ ಬೀಗ ಹಾಕಿದ ಮತ್ತು ತೆರೆದ ಚಿತ್ರಗಳೂ ಕಂಡವು. ಸಾಕೆಟ್ ಇದೆ ಎನ್ನಲು ಅಷ್ಟು ಸಾಕಾಯಿತು.

ಸಾಕೆಟ್ ಹೊಂದಿದ ಮಾತ್ರಕ್ಕೆ ಚಿಪ್ ನಡೆಯುತ್ತದೆ ಎಂದಲ್ಲ. ಪ್ರೊಸೆಸರನ್ನು ಗುರುತಿಸಿ ನಡೆಸಬೇಕಾದ ಮೈಕ್ರೋಕೋಡ್ ಎಂಬ ಒಳ ಸೂಚನೆಗಳು ಬಯಾಸ್‌ನಲ್ಲಿ, ಅಂದರೆ ಯಂತ್ರ ಆನ್ ಆದಾಗ ಮೊದಲು ನಡೆಯುವ ಬೋರ್ಡಿನ ತಂತ್ರಾಂಶದಲ್ಲಿ, ಇರಬೇಕು. ಇಲ್ಲದಿದ್ದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ಸ್ಯಾಂಡಿ ಬ್ರಿಡ್ಜ್ ಕಾಲದ ಬೋರ್ಡುಗಳಿಗೆ ಐವಿ ಬ್ರಿಡ್ಜ್ ಚಿಪ್ ಪಿನ್ನಿನ ಲೆಕ್ಕದಲ್ಲಿ ಸರಿಯಾಗಿ ಕೂತರೂ, ತಯಾರಕರು ಬಯಾಸ್ ಅಪ್‌ಡೇಟ್ ಕೊಟ್ಟಿರದಿದ್ದರೆ ಯಂತ್ರ ಏಳುವುದಿಲ್ಲ. ಈ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ನಂಬಲರ್ಹ ಉತ್ತರ ತಯಾರಕರದೇ ಸರ್ವಿಸ್ ಮ್ಯಾನ್ಯುಯಲ್. ಅದು ದುರಸ್ತಿ ಮಾಡುವವರಿಗಾಗಿ ಬರೆದ ಪುಸ್ತಿಕೆ. ಬಿಡಿಭಾಗಗಳ ಪಟ್ಟಿಯಲ್ಲಿ, ಆ ಮಾದರಿಯ ಬೇರೆ ಬೇರೆ ಆವೃತ್ತಿಗಳೊಂದಿಗೆ ಮಾರಿದ ಎಲ್ಲ ಪ್ರೊಸೆಸರ್‌ಗಳ ಹೆಸರು ಇರುತ್ತದೆ. ನನ್ನ ಮಾದರಿಯ ಪಟ್ಟಿಯಲ್ಲಿ ಎರಡು ಐ3, ಎರಡು ಐ5, ಕೊನೆಗೆ ಐ7-3632ಕ್ಯೂಎಂ ಇದ್ದವು. ಅದನ್ನು ಓದಿದ ದಿನ ನನ್ನ ಮುಕ್ಕಾಲು ಪಾಲು ಆತಂಕ ಕಳೆಯಿತು. ಪಟ್ಟಿಯಲ್ಲಿ ಇಲ್ಲದ ಚಿಪ್ಪನ್ನು ಅದೃಷ್ಟಕ್ಕೆ ಬಿಟ್ಟು ಕೊಳ್ಳುವುದನ್ನು ನಾನು ಯಾರಿಗೂ ಹೇಳಲಾರೆ.

ಆ ಚಿಪ್ಪನ್ನು ಆರಿಸಲು ಇನ್ನೊಂದು ಕಾರಣವೂ ಇತ್ತು, ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ತೂಕದ್ದು. ಆ ಪೀಳಿಗೆಯ ನಾಲ್ಕು ಕೋರಿನ ಚಿಪ್‌ಗಳಲ್ಲಿ ಹೆಚ್ಚಿನವುಗಳ ಉಷ್ಣ ಮಿತಿ, ಅಂದರೆ ಪೂರ್ತಿ ದುಡಿಯುವಾಗ ತಂಪು ವ್ಯವಸ್ಥೆ ಹೊರಹಾಕಬೇಕಾದ ಬಿಸಿ, 45 ವಾಟ್. 3610ಕ್ಯೂಎಂ ಆಗಲಿ 3740ಕ್ಯೂಎಂ ಆಗಲಿ ಅಷ್ಟನ್ನೇ ಬೇಡುತ್ತವೆ. ಆದರೆ 3632ಕ್ಯೂಎಂ ನನ್ನ ಹಳೆಯ ಐ3ರಂತೆಯೇ 35 ವಾಟ್‌ನದು. ಲ್ಯಾಪ್‌ಟಾಪಿನಲ್ಲಿ ಬಿಸಿಯನ್ನು ಫ್ಯಾನಿನತ್ತ ಒಯ್ಯುವ ತಾಮ್ರದ ಹೀಟ್‌ಪೈಪ್, ಫ್ಯಾನ್, ಬೋರ್ಡಿನಲ್ಲಿ ಪ್ರೊಸೆಸರಿಗೆ ವಿದ್ಯುತ್ ಹದಗೊಳಿಸಿ ಕೊಡುವ ಬಿಡಿಭಾಗಗಳು, ಚಾರ್ಜರ್ ಇವೆಲ್ಲವನ್ನೂ ಮೂಲ ಚಿಪ್ಪಿನ ವಾಟ್ ನೋಡಿಯೇ ಅಳೆದು ಹಾಕಿರುತ್ತಾರೆ. ನನ್ನದರಲ್ಲಿದ್ದದ್ದು ಒಂದೇ ಹೀಟ್‌ಪೈಪ್, 65 ವಾಟ್‌ನ ಚಾರ್ಜರ್. ಅದರ ಮೇಲೆ 45 ವಾಟ್‌ನ ಚಿಪ್ ಹೇರಿದ್ದರೆ ಅದು ಬಿಸಿಯೇರಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತಿತ್ತು, ಕಾಗದದ ಮೇಲಿನ ಗಿಗಾಹರ್ಟ್ಸ್ ಕಾಗದದ ಮೇಲೆಯೇ ಉಳಿಯುತ್ತಿತ್ತು. ಮೇಲ್ನೋಟಕ್ಕೆ 3632ಕ್ಯೂಎಂನ ಮೂಲ ವೇಗ 2.2 ಗಿಗಾಹರ್ಟ್ಸ್, ಹಳೆಯ ಐ3ರ 2.4ಕ್ಕಿಂತ ಕಡಿಮೆ. ಆದರೆ ಐ3ಗೆ ಟರ್ಬೋ, ಅಂದರೆ ಬೇಕಾದಾಗ ಮೂಲ ವೇಗವನ್ನು ಮೀರಿ ಏರುವ ಸೌಲಭ್ಯ, ಇಲ್ಲ. ಐ7 ತಂಪಾಗಿರುವವರೆಗೆ 3.2ರವರೆಗೆ ಏರಬಲ್ಲದು, ಕೋರುಗಳೂ ಎರಡರಷ್ಟು.

ಬಯಾಸ್ ಅಪ್‌ಡೇಟನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮಾಡಿ ಮುಗಿಸಿದೆ. ಹೊಸ ಚಿಪ್ ಹಾಕಿದ ಮೇಲೆ ಯಂತ್ರ ಏಳದಿದ್ದರೆ ಅಪ್‌ಡೇಟ್ ಮಾಡಲು ದಾರಿಯೇ ಇರುವುದಿಲ್ಲ. ಬ್ಯಾಟರಿ ತುಂಬಿಸಿ, ಚಾರ್ಜರನ್ನೂ ಜೋಡಿಸಿಟ್ಟುಕೊಂಡಿದ್ದೆ. ಬಯಾಸ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಬೋರ್ಡ್ ಕೆಲಸಕ್ಕೆ ಬಾರದಂತಾಗಬಹುದು.

ಇಷ್ಟು ಹಳೆಯ ಚಿಪ್ ಹೊಸದಾಗಿ ಸಿಗುವುದಿಲ್ಲವಾದ್ದರಿಂದ ಬಳಸಿದ್ದನ್ನೇ ಕೊಂಡೆ. ಕೊಳ್ಳುವ ಮೊದಲು ಎರಡೂ ಬದಿಯ ಸ್ಪಷ್ಟ ಚಿತ್ರಗಳನ್ನು ಕೇಳಿ ಪಡೆದೆ. ಮೇಲ್ಭಾಗದಲ್ಲಿ ‘ಇಂಟೆಲ್ ಕಾನ್ಫಿಡೆನ್ಷಿಯಲ್’ ಎಂದು ಕೆತ್ತಿದ್ದರೆ ಅದು ಮಾರಾಟಕ್ಕೆ ಮುಂಚಿನ ಪರೀಕ್ಷಾ ಮಾದರಿ. ಬಯಾಸ್ ಅದನ್ನು ಗುರುತಿಸದೆ ಹೋಗಬಹುದು, ಹಾಗಾಗಿ ಅಂಥದ್ದು ಬೇಡ. ಚಿಪ್ ಕೈಸೇರಿದ ದಿನ ಭೂತಗನ್ನಡಿ ಹಿಡಿದು ಪಿನ್‌ಗಳ ಸಾಲನ್ನು ಮೊದಲು ಎಡದಿಂದ, ಆಮೇಲೆ ಕೆಳಗಿನಿಂದ ನೋಡಿದೆ. ಸಾಲುಗಳೆಲ್ಲ ಗೆರೆ ಎಳೆದಂತೆ ನೇರವಿದ್ದವು, ಒಂದು ಮೂಲೆಯ ಹತ್ತಿರ ಮಾತ್ರ ಒಂದು ಪಿನ್ ಕೂದಲೆಳೆಯಷ್ಟು ಬಾಗಿ ಪಕ್ಕದ್ದಕ್ಕೆ ಒರಗಲು ಹೊರಟಿತ್ತು. ಕಡ್ಡಿ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ಟೊಳ್ಳು ತುದಿಯನ್ನು ಆ ಪಿನ್ನಿಗೆ ತೊಡಿಸಿ, ಉಸಿರು ಬಿಗಿಹಿಡಿದು ಒಂದಿಷ್ಟೇ ಒತ್ತಿದೆ. ಅದು ಸಾಲಿಗೆ ಬಂತು. ಎರಡನೆಯ ಸಲ ಬಾಗಿಸಿದರೆ ಮುರಿಯುವ ಲೋಹವದು, ಆದ್ದರಿಂದ ಸರಿಯಾಯಿತೆಂದ ಮೇಲೆ ಮತ್ತೆ ಮುಟ್ಟಲಿಲ್ಲ.

ಬಿಚ್ಚುವ ದಿನ ಮೊದಲು ಹತ್ತು ನಿಮಿಷ ಯಂತ್ರ ನಡೆಸಿ ಬೆಚ್ಚಗಾಗಿಸಿದೆ, ಚಿಪ್ಪಿನ ಬಿಸಿ ಹೀಟ್‌ಸಿಂಕಿಗೆ ದಾಟಲೆಂದು ಅವೆರಡರ ನಡುವೆ ಸವರಿದ, ಈಗ ಒಣಗಿದ ಥರ್ಮಲ್ ಪೇಸ್ಟ್ ಆಗ ಸುಲಭವಾಗಿ ಬಿಡುತ್ತದೆ. ಆಮೇಲೆ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಉಳಿದ ವಿದ್ಯುತ್ ಹರಿದುಹೋಗಲೆಂದು ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದೆ. ಸ್ಥಿರ ವಿದ್ಯುತ್ತಿನಿಂದ ಚಿಪ್ ಹಾಳಾಗದಿರಲು ಮಣಿಕಟ್ಟಿಗೆ ಅರ್ತಿಂಗ್ ಪಟ್ಟಿ ಕಟ್ಟಿಕೊಂಡಿದ್ದೆ. ಒಂದು ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ಬಿಚ್ಚಿದ ಪ್ರತಿ ಸ್ಕ್ರೂವನ್ನು ಅದರ ಜಾಗದಲ್ಲೇ ಟೇಪಿನಿಂದ ಅಂಟಿಸುತ್ತ ಹೋದೆ. ಇದು ಅತಿಯಾದ ಜಾಗ್ರತೆಯಲ್ಲ: ಗಿಡ್ಡ ಸ್ಕ್ರೂವಿನ ಜಾಗಕ್ಕೆ ಉದ್ದದ್ದನ್ನು ತಿರುಗಿಸಿದರೆ ಅದು ಬೋರ್ಡನ್ನೇ ತೂತು ಮಾಡುತ್ತದೆ.

ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕದಲ್ಲಿ 1ರಿಂದ 4ರವರೆಗೆ ಸಂಖ್ಯೆಗಳಿರುತ್ತವೆ. ಬಿಗಿಯುವಾಗ ಆ ಕ್ರಮ, ಸಡಿಲಿಸುವಾಗ ಅದರ ತಿರುಗುಮುರುಗು. ಫ್ಯಾನನ್ನು ಎತ್ತಿದಾಗ, ಅದಕ್ಕೂ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಹೆಣೆದುಕೊಂಡಿದ್ದು ಕಂಡಿತು. ಚಿಮಟದಿಂದ ಹಿಡಿದೆಳೆದರೆ ಒಂದೇ ಹಾಳೆಯಾಗಿ ಬಂತು. ಪ್ರೊಸೆಸರ್ ಬದಲಿಸದೆ ಅದೊಂದನ್ನು ತೆಗೆದಿದ್ದರೂ ಯಂತ್ರಕ್ಕೆ ಉಪಕಾರವಾಗುತ್ತಿತ್ತು.

ಸಾಕೆಟ್ಟಿನ ಸ್ಕ್ರೂವನ್ನು ಅಗಲ ಬಾಯಿಯ ಸ್ಕ್ರೂಡ್ರೈವರಿನಿಂದ ತೆರೆದ ಬೀಗದ ಚಿತ್ರದ ಕಡೆಗೆ ತಿರುಗಿಸಿದಾಗ ಹಳೆಯ ಚಿಪ್ ಸಡಿಲವಾಯಿತು, ಅದನ್ನು ಅಂಚು ಹಿಡಿದು ನೆಟ್ಟಗೆ ಮೇಲಕ್ಕೆತ್ತಿದೆ. ಹೊಸದರ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಇಟ್ಟಾಗ ಅದು ತನ್ನ ಭಾರಕ್ಕೇ ಕೆಳಗಿಳಿಯಿತು. ಬೆರಳಿನಿಂದ ಒತ್ತಬೇಕೆನಿಸಿದರೆ ಏನೋ ತಪ್ಪಿದೆ ಎಂದೇ ಅರ್ಥ, ಆಗ ಎತ್ತಿ ಮತ್ತೆ ಪಿನ್‌ಗಳನ್ನು ನೋಡಬೇಕು.

ಲ್ಯಾಪ್‌ಟಾಪಿನ ಚಿಪ್‌ಗೆ ಮೇಜಿನ ಕಂಪ್ಯೂಟರಿನದಕ್ಕಿರುವಂತೆ ಲೋಹದ ಮುಚ್ಚಳವಿಲ್ಲ. ಕನ್ನಡಿಯಂತೆ ಹೊಳೆಯುವ ಸಿಲಿಕಾನ್ ತುಂಡೇ ಹೊರಗೆ ಕಾಣುತ್ತದೆ. ನಾಲ್ಕು ಕೋರಿನ ಐವಿ ಬ್ರಿಡ್ಜ್‌ನಲ್ಲಿ ಅದರ ವಿಸ್ತೀರ್ಣ 160 ಚದರ ಮಿಲಿಮೀಟರ್, ಅಷ್ಟರೊಳಗಿಂದಲೇ ಎಲ್ಲ ಬಿಸಿಯೂ ಹೊರಬರಬೇಕು. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಎರಡೂ ಮುಖಗಳನ್ನು ಒರೆಸಿ, ಪೇಸ್ಟನ್ನು ತೆಳುವಾಗಿ ಸವರಿ, ಹೀಟ್‌ಸಿಂಕ್ ಕೂರಿಸಿದೆ. ನಾನು ತಪ್ಪಿದ್ದು ಇಲ್ಲಿ. ಕೆಲಸ ಮುಗಿಯಿತೆಂಬ ಆತುರದಲ್ಲಿ 1ನೆಯ ಸ್ಕ್ರೂವನ್ನು ಕೊನೆಯವರೆಗೂ ಬಿಗಿದು, ಆಮೇಲೆ 2ನೆಯದಕ್ಕೆ ಹೋದೆ.

ಆನ್ ಮಾಡಿದಾಗ ಪರದೆ ಸುಮಾರು ಇಪ್ಪತ್ತು ಸೆಕೆಂಡು ಕಪ್ಪಾಗಿತ್ತು, ಯಂತ್ರ ಒಮ್ಮೆ ತಾನಾಗಿ ಆರಿ ಮತ್ತೆ ಹೊತ್ತಿತು. ಆಮೇಲೆ ಬಯಾಸ್‌ನಲ್ಲಿ ಹೊಸ ಹೆಸರು ಕಂಡಿತು. ಆದರೆ ವಿಡಿಯೋ ಪರಿವರ್ತನೆ ಆರಂಭಿಸಿದ ಒಂದೇ ನಿಮಿಷದಲ್ಲಿ ಉಷ್ಣತೆ 97 ಡಿಗ್ರಿ ಮುಟ್ಟಿತು, ವೇಗ 2.2ಕ್ಕೆ ಕುಸಿಯಿತು. ಒಡನೆ ನಿಲ್ಲಿಸಿ, ಆರಿದ ಮೇಲೆ ಮತ್ತೆ ಬಿಚ್ಚಿದೆ. ಪೇಸ್ಟಿನ ಅಚ್ಚೇ ಕಾರಣ ಹೇಳುತ್ತಿತ್ತು: 1ನೆಯ ಸ್ಕ್ರೂವಿನ ಕಡೆ ಸಿಲಿಕಾನ್ ಕಾಣುವಷ್ಟು ತೆಳುವಾಗಿತ್ತು, ಎದುರು ಮೂಲೆಯಲ್ಲಿ ದಪ್ಪಗೆ ಉಳಿದಿತ್ತು. ಹೀಟ್‌ಸಿಂಕ್ ವಾರೆಯಾಗಿ ಕೂತಿತ್ತು. ಒರೆಸಿ, ಪೇಸ್ಟ್ ಹೊಸದಾಗಿ ಹಾಕಿ, ಈ ಸಲ ನಾಲ್ಕೂ ಸ್ಕ್ರೂಗಳನ್ನು ಒಂದೊಂದಕ್ಕೆ ಅರ್ಧ ಸುತ್ತಿನಂತೆ ಸರದಿಯಲ್ಲಿ ಬಿಗಿದೆ. ಹೀಗೆ ವಾರೆಯಾಗಿ ಒತ್ತಿದರೆ ಮುಚ್ಚಳವಿಲ್ಲದ ಸಿಲಿಕಾನಿನ ಮೂಲೆ ಚಕ್ಕೆಯೇಳುವುದೂ ಉಂಟು. ನನ್ನದಕ್ಕೆ ಹಾಗಾಗದೆ ಉಳಿಯಿತು.

ಎರಡನೆಯ ಜೋಡಣೆಯ ಅನಂತರ ಅದೇ ಕೆಲಸದಲ್ಲಿ ಉಷ್ಣತೆ 84 ಡಿಗ್ರಿಯಲ್ಲಿ ನಿಂತಿತು, ಎಲ್ಲ ಕೋರುಗಳೂ 2.9 ಗಿಗಾಹರ್ಟ್ಸ್‌ನಲ್ಲಿ ನಡೆದವು. 46 ನಿಮಿಷ ಹಿಡಿಯುತ್ತಿದ್ದ ಪರಿವರ್ತನೆ 20 ನಿಮಿಷಕ್ಕೆ ಮುಗಿಯಿತು. ನಾನು ನಿರೀಕ್ಷಿಸದಿದ್ದ ಲಾಭ ಇನ್ನೊಂದು: ನನ್ನ ಡಿಸ್ಕ್ ಪೂರ್ತಿ ಗೂಢಲಿಪೀಕರಣದಲ್ಲಿದೆ (ಎನ್‌ಕ್ರಿಪ್ಷನ್), ಅದಕ್ಕೆ ನೆರವಾಗುವ ಎಇಎಸ್ ಸೂಚನೆಗಳು ಹಳೆಯ ಐ3ಯಲ್ಲಿ ಇರಲಿಲ್ಲ, ಐ7ರಲ್ಲಿವೆ. ದೊಡ್ಡ ಫೈಲುಗಳನ್ನು ನಕಲು ಮಾಡುವಾಗ ಪ್ರೊಸೆಸರ್ ಏದುಸಿರು ಬಿಡುವುದು ಅಂದಿನಿಂದ ನಿಂತಿತು. ಬದಲಾಗದೆ ಉಳಿದವೂ ಇವೆ. ಎರಡೂ ಚಿಪ್‌ಗಳಲ್ಲಿರುವುದು ಎಚ್‌ಡಿ 4000 ಗ್ರಾಫಿಕ್ಸ್ ಆದ್ದರಿಂದ ಆಟಗಳ ವಿಷಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ವಿಂಡೋಸ್ 11ಕ್ಕೆ ಅಧಿಕೃತವಾಗಿ ಬೇಕಾದದ್ದು ಇಂಟೆಲ್‌ನ 8ನೆಯ ಪೀಳಿಗೆ ಅಥವಾ ಅದರ ಅನಂತರದ ಪ್ರೊಸೆಸರ್. ನನ್ನ ಯಂತ್ರದ 3ನೆಯ ಪೀಳಿಗೆಯೊಳಗೆ (ಐವಿ ಬ್ರಿಡ್ಜ್) ಯಾವ ಚಿಪ್ ಹಾಕಿದರೂ ಆ ಬಾಗಿಲು ತೆರೆಯುವುದಿಲ್ಲ.

ಹಳೆಯ ಐ3ಯನ್ನು ಹೊಸ ಚಿಪ್ ಬಂದ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಟ್ಟು, ಅದನ್ನು ಸ್ಥಿರ ವಿದ್ಯುತ್ ತಡೆಯುವ ಚೀಲಕ್ಕೆ ಹಾಕಿ, ಸ್ಕ್ರೂಗಳ ಚಿತ್ರವಿರುವ ಹಾಳೆಯ ಜೊತೆಗೆ ಎತ್ತಿಟ್ಟಿದ್ದೇನೆ. ಮುಂದೆ ಯಂತ್ರ ಏಳದೆ ಹೋದರೆ, ದೋಷ ಬೋರ್ಡಿನದೋ ಚಿಪ್ಪಿನದೋ ಎಂದು ತಿಳಿಯಲು ಮೊದಲು ಬೇಕಾಗುವುದು ಅದೇ.